ಮರದ ಮೈ ಮತ್ತು ಉಜ್ಜುಯಂತ್ರ: ಇಲವಾಲದ ಒಂದು ಬಾಗಿಲುವಾಡದ ನಿಮಿತ್ತ

ಮೈಸೂರಿನಿಂದ ಹುಣಸೂರಿಗೆ ಹೋಗುವ ರಸ್ತೆಯಲ್ಲಿ, ನಗರದ ವಾಯವ್ಯಕ್ಕಿರುವ ಇಲವಾಲವು ಚರಿತ್ರೆಯ ವಿದ್ಯಾರ್ಥಿಗಳಿಗೆ ಎರಡು ಕಾರಣಗಳಿಂದ ಪರಿಚಿತವಾದ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ರೆಸಿಡೆಂಟರು ಇಲ್ಲಿ ಒಂದು ವಸತಿಯನ್ನು ಹೊಂದಿದ್ದರೆಂಬುದು ಒಂದು. ೧೯೫೭ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಸಮ್ಮುಖದಲ್ಲಿ, ರಾಜೇಂದ್ರಪ್ರಸಾದರೂ ನೆಹರೂ ಅವರೂ ಭಾಗವಹಿಸಿದ ಗ್ರಾಮದಾನ ಪರಿಷತ್ತು ಇಲ್ಲಿ ನೆರೆಯಿತೆಂಬುದು ಮತ್ತೊಂದು. ಪ್ರಸ್ತುತ ಲೇಖನದ ವಿಷಯ ಇವೆರಡೂ ಅಲ್ಲ. ಇಲವಾಲದ ಒಂದು ಬಾಗಿಲುವಾಡವನ್ನು ನಾವು ಕೈಯಾರೆ ಕೆಡಿಸಿದ ಪ್ರಸಂಗದಿಂದ ಇದು ಹುಟ್ಟಿತು. ಮನೆಯಲ್ಲಿ ಮರಗೆಲಸವನ್ನು ಹವ್ಯಾಸವಾಗಿ ಇಟ್ಟುಕೊಂಡವರು ಮರವನ್ನು ಉಜ್ಜಿ ನುಣುಪು ಮಾಡುವ ವಿದ್ಯುತ್ ಯಂತ್ರವನ್ನು ಹೇಗೆ ಆರಿಸಬೇಕೆಂಬುದು ಮೇಲ್ನೋಟಕ್ಕೆ ಚರಿತ್ರೆಯ ಪ್ರಶ್ನೆಯಾಗಿ ತೋರದು. ಆದರೆ ಆ ಯಂತ್ರಗಳು ಯಾರ ಕೆಲಸಕ್ಕಾಗಿ, ಯಾವ ಕಾಲದಲ್ಲಿ ಹುಟ್ಟಿದುವೆಂಬುದನ್ನು ತಿಳಿಯದೆ ಆರಿಸಹೊರಟವನು ನಮ್ಮಂತೆಯೇ ನಷ್ಟಕ್ಕೆ ಗುರಿಯಾಗುವನೆಂದು ಈಗ ನಮಗೆ ಮನವರಿಕೆಯಾಗಿದೆ.

ಪ್ರಸಂಗವನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. ಇಲವಾಲದಲ್ಲಿ ಹೊಸ ಮನೆಗಾಗಿ ಕೆಡವಿದ ಒಂದು ಹಳೆಯ ಮನೆಯ ತೇಗದ ಬಾಗಿಲುವಾಡವನ್ನು, ಪುಸ್ತಕದ ಕಪಾಟಿಗೆ ಚೌಕಟ್ಟಾದೀತೆಂದು, ಕೊಂಡು ತಂದೆವು. ಹಸಿರು ಬಣ್ಣದ ಹಲವು ಪದರಗಳು ಅದರ ಮೇಲೆ ಗಟ್ಟಿಗಟ್ಟಿದ್ದುವು. ಮೇಲಿನ ಅಡ್ಡಪಟ್ಟಿಯಲ್ಲಿ ಬಣ್ಣ ಸಿಡಿದಿದ್ದ ಒಂದು ಕಡೆ ಉಳಿಯಿಂದ ಕೊರೆದ ಗೆರೆಗಳು ಕಾಣುತ್ತಿದ್ದುವು. ಅವು ಕನ್ನಡದ ಅಂಕಿಗಳಿರಬಹುದೆಂದು ನಮಗೆ ತೋರಿತ್ತು. ಬಣ್ಣ ತೆಗೆದ ಮೇಲೆ ಚೆನ್ನಾಗಿ ಓದಬಹುದೆಂದುಕೊಂಡು, ಪರಿಚಿತ ಬಡಗಿಯೊಬ್ಬರಿಂದ ನಾಲ್ಕಂಗುಲದ ಗ್ರೈಂಡರನ್ನು ಎರವಲು ತಂದು, ಅದಕ್ಕೆ ಉಜ್ಜುಬಿಲ್ಲೆಯನ್ನು ಹಾಕಿ ಹಿಡಿದೆವು. ಹತ್ತು ನಿಮಿಷದಲ್ಲಿ ಬಣ್ಣ ಹೋಯಿತು. ಮರ ಹೊಂಬಣ್ಣಕ್ಕೆ ತಿರುಗಿತು. ಓದುವುದಕ್ಕೆ ಮಾತ್ರ ಏನೂ ಉಳಿದಿರಲಿಲ್ಲ. ಶಾಸನದ ಕಲ್ಲಿನ ಮೇಲೆ ಯಾರಾದರೂ ಮಸಾಲೆ ಅರೆದರೆ ಹೌಹಾರುವ ನಾವು, ಮರದ ಮೇಲಿನ ಬರಹಕ್ಕೆ ಅದಕ್ಕಿಂತ ಕ್ರೂರವಾದುದನ್ನು ಮಾಡಿದ್ದೆವು.

ಯಂತ್ರಗಳಿಗೆ ಮುಂಚೆ ಮರದ ಮೈ ನುಣುಪಾಗುತ್ತಿದ್ದುದು ಹೇಗೆ? ಈ ಭಾಗದ ಬಡಗಿಯ ಕೈಯಲ್ಲಿ ಮರವು ಬಾಚಿಯಿಂದ ಉಳಿಗೆ, ಉಳಿಯಿಂದ ತೋಪಡಕ್ಕೆ ಸಾಗುತ್ತಿತ್ತು. ಇವೆಲ್ಲವೂ ಕೊಯ್ಯುವ ಉಪಕರಣಗಳೇ ಹೊರತು ಉಜ್ಜುವ ಉಪಕರಣಗಳಲ್ಲ ಎಂಬ ಭೇದವನ್ನು ಗಮನಿಸಬೇಕು. ಹರಿತವಾದ ಅಲಗು ಮರದ ನಾರನ್ನು ಕತ್ತರಿಸುತ್ತದೆ. ಕತ್ತರಿಸಿದ ಮೈ ಬೆಳಕಿಗೆ ಹೊಳೆಯುತ್ತದೆ. ಉಜ್ಜುವ ವಸ್ತುವಾದರೋ ಅಸಂಖ್ಯಾತ ಸಣ್ಣ ಹರಳುಗಳಿಂದ ನಾರನ್ನು ಗೀರುತ್ತದೆ. ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾದಾಗ ನಾವು ಅದನ್ನು ನುಣುಪೆನ್ನುತ್ತೇವೆ. ತೋಪಡದ ಅಲಗಿನ ಅಂಚು ಅತ್ಯಲ್ಪವಾಗಿ ಬಾಗಿರುವುದರಿಂದ ಅದು ಹಾದಲ್ಲೆಲ್ಲ ಬೆರಳಿಗೆ ಮಾತ್ರ ತಿಳಿಯುವಂಥ ಆಳವಿಲ್ಲದ ಕಾಲುವೆ ಉಳಿಯುತ್ತದೆ. ಹಳೆಯ ಬಾಗಿಲಿನ ಮೇಲೆ ಅಂಗೈ ಆಡಿಸಿದಾಗ ದೊರೆಯುವ ಆ ಅಲೆಯಂಥ ಸ್ಪರ್ಶಕ್ಕೆ ಇದೇ ಕಾರಣ.

ಉಜ್ಜುವ ಕೆಲಸವೂ ಇತ್ತು. ಆದರೆ ಅದು ಕಡೆಯದು, ಮಿತವಾದದ್ದು. ಚನ್ನಪಟ್ಟಣದ ಅರಗಿನ ಕೆಲಸದಲ್ಲಿ, ಚರಕಿಯ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಹತ್ತಿಸಿದ ಮೇಲೆ ತಾಳೆಗರಿಯನ್ನು ಒತ್ತಿಹಿಡಿದು ಹೊಳಪು ತರುವುದುಂಟು. ಕಲ್ಲು ಮತ್ತು ಲೋಹದ ಕೆಲಸಗಾರರಿಗೆ ಕುರುಂದವು ಬಹುಕಾಲದಿಂದ ತಿಳಿದ ವಸ್ತು. ಇಂಗ್ಲಿಷಿನಲ್ಲಿ ಈ ಖನಿಜಕ್ಕೆ ಇರುವ ಹೆಸರು ದಕ್ಷಿಣ ಭಾರತದ ಭಾಷೆಯಿಂದಲೇ ಹೋದದ್ದೆಂಬುದನ್ನೂ, ಹಳೆಯ ಮೈಸೂರು ಸಂಸ್ಥಾನವು ಕುರುಂದ ದೊರೆಯುತ್ತಿದ್ದ ನೆಲೆಗಳಲ್ಲಿ ಒಂದಾಗಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು. ಇಂದು ಅಂಗಡಿಯಲ್ಲಿ ದೊರೆಯುವ ಉಜ್ಜುಕಾಗದದ ಕಂದು ಹರಳು ಬಹುಮಟ್ಟಿಗೆ ಇದೇ ವಸ್ತು. ಆದರೆ ನೆಲದಿಂದ ಅಗೆದುದಲ್ಲ, ಬಾಕ್ಸೈಟನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಪಡೆದದ್ದು. ಕಪ್ಪು ಹರಳಿನ ಕಾಗದದಲ್ಲಿರುವ ಕಾರ್ಬೊರಂಡಮ್ಮನ್ನು ಅಮೆರಿಕದ ಎಡ್ವರ್ಡ್ ಅಚೆಸನ್ ೧೮೯೧ರಲ್ಲಿ ಕಂಡುಹಿಡಿದನು. ಕಾಗದಕ್ಕೆ ಗಾಜಿನ ಪುಡಿಯನ್ನು ಅಂಟಿಸಿ ಕಾರ್ಖಾನೆಯಲ್ಲಿ ತಯಾರಿಸುವ ಉದ್ಯಮವು ಲಂಡನ್ನಿನಲ್ಲಿ ೧೮೩೦ರ ದಶಕದಲ್ಲಿ ಆರಂಭವಾಯಿತು. ಭಾರತದಲ್ಲಿ ಇಂಥ ವಸ್ತುಗಳ ತಯಾರಿಕೆಗಾಗಿ ಮದರಾಸಿನ ಕಾರ್ಬೊರಂಡಮ್ ಯೂನಿವರ್ಸಲ್ ಕಂಪೆನಿಯು ೧೯೫೪ರಲ್ಲಿ ಸ್ಥಾಪಿತವಾಯಿತು. ಹೀಗಾಗಿ, ನಮ್ಮ ತಾತಂದಿರ ಕಾಲದ ಬಾಗಿಲುಗಳ ಮೇಲೆ ಕಾಣುವ ಹೊಳಪಿನಲ್ಲಿ ಕಾಗದದ ಪಾಲಿಗಿಂತ ತೋಪಡದ ಪಾಲು ಮತ್ತು ಕೈ ಸವರಿದ ಕಾಲದ ಪಾಲು ಹೆಚ್ಚೆಂದು ಊಹಿಸುವುದು ಅಸಂಗತವಲ್ಲ.

ಮೈಸೂರಿನ ಬೀಟೆಯ ಕೆತ್ತುಗೂಡಿಸುವ ಕೆಲಸವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ಏಕೆಂದರೆ ಉಜ್ಜುವಿಕೆಯ ಗುಣದೋಷಗಳನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ಕಲೆ ನಮ್ಮಲ್ಲಿ ಬೇರೊಂದಿಲ್ಲ. ೧೮೯೭ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಲಾದ, ೧೯೧೨ರಲ್ಲಿ ಪೂರ್ಣಗೊಂಡ ಅಂಬಾವಿಲಾಸ ಅರಮನೆಯಲ್ಲಿ ದಂತ ಕೂಡಿಸಿದ ಬೀಟೆಯ ಬಾಗಿಲುಗಳನ್ನು ನೋಡಿದವರಿಗೆ ಈ ಕಲೆಯ ಪರಿಚಯ ಅನಾವಶ್ಯಕ. ಶ್ರೀರಂಗಪಟ್ಟಣದ ಗುಂಬಜಿಗೆ ಡಾಲ್‌ಹೌಸಿ ಕೊಡಿಸಿದ ದಂತಖಚಿತ ಬಾಗಿಲುಗಳೂ ಇದೇ ಜಾತಿಗೆ ಸೇರಿದುವು. ಕೆಲಸದ ಕ್ರಮ ಇದು: ಚಿತ್ರವನ್ನು ಕಾಗದದ ಮೇಲೆ ಬರೆದು, ಅದರ ಭಾಗಗಳನ್ನು ಕೂದಲೆಳೆಯಂಥ ಗರಗಸದಿಂದ ತೆಳುವಾದ ತುಂಡುಗಳಾಗಿ ಕೊಯ್ದು, ಬೀಟೆಯ ಹಲಗೆಯಲ್ಲಿ ಅವುಗಳ ಆಕಾರಕ್ಕೆ ಸರಿಯಾಗಿ ಗುಳಿ ತೋಡಿ, ಅಂಟಿನಿಂದ ಕೂರಿಸುವುದು. ಕೂರಿಸಿದಾಗ ತುಂಡುಗಳು ಹಲಗೆಯ ಮಟ್ಟಕ್ಕಿಂತ ಕೊಂಚ ಮೇಲೆದ್ದಿರುತ್ತವೆ. ಅವನ್ನು ಅರದಿಂದಲೂ ಉಕ್ಕಿನ ತಗಡಿನಿಂದಲೂ ಕೆರೆದು, ಕಡೆಯಲ್ಲಿ ಉಜ್ಜುಕಾಗದದಿಂದ ಮಟ್ಟ ಮಾಡಿ, ಕಣ್ಣು, ಉಗುರು, ಎಲೆಯ ನರ ಮುಂತಾದ ಸೂಕ್ಷ್ಮ ರೇಖೆಗಳನ್ನು ಕೊರೆದು ಕಪ್ಪು ತುಂಬುತ್ತಾರೆ.

ಇಲ್ಲಿರುವ ಅಪಾಯವನ್ನು ಕಲ್ಪಿಸಿಕೊಳ್ಳಿರಿ. ಕೂರಿಸಿದ ತುಂಡಿನ ದಪ್ಪ ಒಂದೆರಡು ಮಿಲಿಮೀಟರು. ಬೀಟೆ ಗಡಸು, ಹಳದಿ ಬಣ್ಣಕ್ಕಾಗಿ ಕೂರಿಸುವ ಹಲಸು ಅದಕ್ಕಿಂತ ಮೆದು. ಮೆತ್ತನೆಯ ದಿಂಡಿನ ಮೇಲೆ ಕಾಗದವಿಟ್ಟು ಉಜ್ಜಿದರೆ ಹಲಸು ಬೇಗ ಸವೆದು ಹಳ್ಳಬೀಳುತ್ತದೆ, ಬೀಟೆ ಎದ್ದು ನಿಲ್ಲುತ್ತದೆ. ಆದುದರಿಂದಲೇ ಕೆಲಸಗಾರನು ಕಾಗದವನ್ನು ಗಟ್ಟಿಯಾದ ಮರದ ತುಂಡಿಗೆ ಸುತ್ತಿಕೊಳ್ಳುತ್ತಾನೆ. ಒಂದೇ ಕಡೆ ನಿಲ್ಲದೆ ಇಡೀ ಮೈಯನ್ನು ಒಟ್ಟಾಗಿ ಇಳಿಸುತ್ತಾನೆ. ದಂತದ ವ್ಯಾಪಾರವನ್ನು ೧೯೮೬ರ ಮತ್ತು ೧೯೯೧ರ ಕಾನೂನುಗಳು ನಿಲ್ಲಿಸಿದ ಮೇಲೆ ಬಣ್ಣಬಣ್ಣದ ಮರಗಳ ಕೂಡಿಕೆಯೇ ಈ ಕಲೆಗೆ ಆಧಾರವಾಗಿದೆ. ಹೀಗಾಗಿ ಗಡಸು-ಮೆದುಗಳ ಈ ತೊಡಕು ಹಿಂದಿಗಿಂತ ಇಂದು ಹೆಚ್ಚು. ೧೯೦೬ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ಟೆಕ್ನಿಕಲ್ ಇನ್ಸ್ಟಿಟ್ಯೂಟಿನಂಥ ಶಾಲೆಗಳು ನಕ್ಷೆ, ರೇಖಾಗಣಿತ, ಹೊಸ ಉಪಕರಣಗಳನ್ನು ತಂದುವು. ಆದರೆ ಯಾವಾಗ ಉಜ್ಜುವುದನ್ನು ನಿಲ್ಲಿಸಬೇಕೆಂಬ ವಿವೇಕವು ಕೈಯಿಂದ ಕೈಗೆ ಬಂದ ವಿದ್ಯೆಯಾಗಿಯೇ ಉಳಿಯಿತು.

ಇನ್ನು ಯಂತ್ರಗಳ ವಿಚಾರ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ೧೯೦೫ರಲ್ಲಿ, ಮೈಸೂರು ನಗರಕ್ಕೆ ೧೯೦೮ರಲ್ಲಿ ಅದರ ಬೆಳಕು ಬಂದಿತು. ಬೆಳಕು ಬಂದ ಮನೆಗಳಿಗೆ ಕೈಯಲ್ಲಿ ಹಿಡಿಯುವ ವಿದ್ಯುತ್ ಉಪಕರಣಗಳು ಬರಲು ಮತ್ತೂ ಬಹುಕಾಲ ಹಿಡಿಯಿತು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಫೈನ್ ಎಂಬ ಸಂಸ್ಥೆ ವಿದ್ಯುತ್ ಬೈರಿಗೆಯನ್ನು ತಯಾರಿಸಿದ್ದು ೧೮೯೫ರಲ್ಲಿ. ಕೈಯಲ್ಲಿ ಹಿಡಿದು ನಡೆಸುವ ಪಟ್ಟಿಯ ಉಜ್ಜುಯಂತ್ರ, ಎಂದರೆ ಬೆಲ್ಟ್ ಸ್ಯಾಂಡರ್, ಅಮೆರಿಕದ ಸಿರಕ್ಯೂಸ್ ಪಟ್ಟಣದ ಪೋರ್ಟರ್-ಕೇಬಲ್ ಕಂಪೆನಿಯಿಂದ ೧೯೨೬ರಲ್ಲಿ ಹೊರಬಂದಿತು. ಎರಡು ಉರುಳೆಗಳ ಮೇಲೆ ಕೊನೆಯಿಲ್ಲದ ಪಟ್ಟಿಯೊಂದು ಓಡುವ ಈ ಯಂತ್ರವು ಕಾರ್ಖಾನೆಯಲ್ಲಿ ಸ್ಥಿರವಾಗಿ ನಿಂತಿದ್ದ ದೊಡ್ಡ ಯಂತ್ರದ ಸಣ್ಣ ರೂಪ. ವಿಶಾಲವಾದ, ದಪ್ಪವಾದ, ಹೊಸ ಮರವನ್ನು ಬೇಗ ಇಳಿಸುವುದೇ ಅದರ ಧರ್ಮ. ಜರ್ಮನಿಯ ಆಕರ್ಮನ್ ಮತ್ತು ಶ್ಮಿಟ್ ಸಂಸ್ಥೆಯವರು ೧೯೫೪ರಲ್ಲಿ ತಂದ ಅತಿವೇಗದ ಕೋನದ ಗ್ರೈಂಡರು ಮರಕ್ಕೆ ಸಂಬಂಧಿಸಿದ್ದೇ ಅಲ್ಲ; ಅದು ಬೆಸುಗೆಯ ಉಬ್ಬನ್ನು ತೇಯುವ, ಕಬ್ಬಿಣವನ್ನು ಕೊಯ್ಯುವ ಯಂತ್ರ. ನಮ್ಮ ಕಡೆಯ ಬಡಗಿಗಳಲ್ಲಿ ಅನೇಕರು ಬಿಲ್ಲೆ ಬದಲಾಯಿಸಿ ಅದನ್ನೇ ಮರಕ್ಕೂ ಹಿಡಿಯುತ್ತಾರೆ. ಅಗ್ಗ, ಗಟ್ಟಿ, ಒಂದೇ ಯಂತ್ರದಲ್ಲಿ ಹತ್ತು ಕೆಲಸ. ಅವರ ಆರ್ಥಿಕ ವಿವೇಕವನ್ನು ನಾವು ಹಳಿಯಲಾರೆವು. ಆದರೆ ಮನೆಯ ಹವ್ಯಾಸಿಗೆ ಅದೊಂದು ಕೆಟ್ಟ ಮೇಲ್ಪಂಕ್ತಿ.

ಯಾಕೆ ಕೆಟ್ಟದ್ದೆಂಬುದನ್ನು ಲೆಕ್ಕವೇ ಹೇಳುತ್ತದೆ. ನೂರು ಮಿಲಿಮೀಟರು ವ್ಯಾಸದ ಬಿಲ್ಲೆಯು ನಿಮಿಷಕ್ಕೆ ೧೧,೦೦೦ ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು ೫೭ ಮೀಟರು ವೇಗದಲ್ಲಿ ಮರವನ್ನು ಗೀರುತ್ತದೆ. ಬೆಲ್ಟ್ ಸ್ಯಾಂಡರಿನ ಪಟ್ಟಿ ನಿಮಿಷಕ್ಕೆ ೩೦೦ ಮೀಟರು ಓಡಿದರೆ ಸೆಕೆಂಡಿಗೆ ಐದೇ ಮೀಟರು. ಎರಡೂವರೆ ಮಿಲಿಮೀಟರಿನ ಸಣ್ಣ ವೃತ್ತದಲ್ಲಿ ನಿಮಿಷಕ್ಕೆ ೧೨,೦೦೦ ಸಾರಿ ಅಲುಗುವ ಆರ್ಬಿಟಲ್ ಯಂತ್ರದಲ್ಲಿ ಅದೇ ವೇಗ ಸೆಕೆಂಡಿಗೆ ಒಂದೂವರೆ ಮೀಟರಿನ ಸುಮಾರು. ಅಂಗಡಿಯವನು ಪೆಟ್ಟಿಗೆಯ ಮೇಲೆ ಬೆರಳಿಟ್ಟು ತೋರಿಸುವ ವ್ಯಾಟುಗಳ ಸಂಖ್ಯೆಯಿಂದ ಈ ವ್ಯತ್ಯಾಸ ತಿಳಿಯದು. ಗ್ರೈಂಡರು ತಪ್ಪನ್ನು ಮಾಡಲು ತೆಗೆದುಕೊಳ್ಳುವ ಕಾಲವು, ನಮ್ಮ ಕಣ್ಣು ಆ ತಪ್ಪನ್ನು ಕಾಣಲು ತೆಗೆದುಕೊಳ್ಳುವ ಕಾಲಕ್ಕಿಂತ ಕಡಮೆ. ನಮ್ಮ ಬಾಗಿಲುವಾಡದ ಗತಿ ಇದಕ್ಕೆ ಸಾಕ್ಷಿ.

ಹಾಗಾದರೆ ಮನೆಗೆ ಯಾವುದು? ಹೊಸ ಹಲಗೆಗಳನ್ನು ಅಂಟಿಸಿ ಮೇಜಿನ ಮೇಲ್ಮೈ ಮಾಡುವವನಿಗೆ, ಕಟ್ಟಿಗೆಯ ಡಿಪೋದಿಂದ ಗರಗಸದ ಗುರುತು ಸಮೇತ ತಂದ ಮರವನ್ನು ಇಳಿಸುವವನಿಗೆ, ಎಪ್ಪತ್ತೈದು ಮಿಲಿಮೀಟರು ಅಗಲದ ಬೆಲ್ಟ್ ಸ್ಯಾಂಡರು ನಿಜವಾಗಿ ಉಪಯುಕ್ತ. ಅದರ ತೂಕ ಮೂರು ಕಿಲೋಗ್ರಾಮಿಗೆ ಕಡಮೆಯಿಲ್ಲ. ನಾರಿನ ದಿಕ್ಕಿನಲ್ಲಿಯೇ ನಡೆಸಬೇಕು. ಒಂದು ಕ್ಷಣ ನಿಂತರೆ ಹಳ್ಳ ಬೀಳುತ್ತದೆ. ಪ್ಲೈವುಡ್ಡಿನ ಮೇಲೆ ಅಂಟಿಸಿದ ತೇಗದ ಪದರ ಅರ್ಧ ಮಿಲಿಮೀಟರಿನಷ್ಟೂ ಇರುವುದಿಲ್ಲವಾದ್ದರಿಂದ ಅಲ್ಲಿ ಇದನ್ನು ತೋರಿಸಲೂ ಬಾರದು. ಮನೆಯಲ್ಲಿ ಇಂಥ ಭಾರಿ ಕೆಲಸ ವರ್ಷಕ್ಕೆ ಎಷ್ಟು ಬಾರಿ ಬರುವುದೆಂದು ಯೋಚಿಸಿ, ಆ ಎರಡು ದಿನಕ್ಕೆ ಬಾಡಿಗೆಗೆ ತರುವುದೇ ಮೇಲೆಂದು ನಮ್ಮ ಮತ.

ಕಾಲು ಹಾಳೆಯ ಯಂತ್ರವು ಬಡವನ ಮಿತ್ರ. ಒಂಬತ್ತಂಗುಲಕ್ಕೆ ಹನ್ನೊಂದಂಗುಲದ ಸಾಮಾನ್ಯ ಉಜ್ಜುಕಾಗದವನ್ನು ನಾಲ್ಕಾಗಿ ಹರಿದು ಕ್ಲಿಪ್ಪಿಗೆ ಸಿಕ್ಕಿಸಿದರೆ ಸಾಕು. ಕಾಗದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿಯಾದರೂ ಸಿಗುತ್ತದೆ. ತಳ ಚೌಕವಾದ್ದರಿಂದ ಪೆಟ್ಟಿಗೆಯ ಮೂಲೆಯವರೆಗೂ ಹೋಗುತ್ತದೆ. ನಿಧಾನ, ಮತ್ತು ಹಿಡಿದ ಕೈ ಜುಮ್ಮೆನ್ನುತ್ತದೆ ಎಂಬೆರಡು ದೋಷಗಳ ಜೊತೆಗೆ ಮೂರನೆಯದೊಂದಿದೆ: ತಳವು ಒಂದೇ ಅಳತೆಯ ವೃತ್ತದಲ್ಲಿ ಅಲುಗುವುದರಿಂದ ಸುರುಳಿ ಗೀರುಗಳು ಉಳಿದು, ಪಾಲಿಷು ಹಚ್ಚಿದ ಮೇಲೆ ಎದ್ದು ಕಾಣುತ್ತವೆ. ಈ ದೋಷವನ್ನು ನೀಗುವುದಕ್ಕಾಗಿಯೇ ತಳವು ಅಲುಗುವುದರ ಜೊತೆಗೆ ತನ್ನಷ್ಟಕ್ಕೆ ತಾನೂ ತಿರುಗುವ ರ‍್ಯಾಂಡಮ್ ಆರ್ಬಿಟಲ್ ಯಂತ್ರ ಇದೆ. ಎರಡು ಚಲನೆಗಳು ಕೂಡಿ ಯಾವ ಹರಳೂ ತನ್ನ ಹಿಂದಿನ ದಾರಿಯನ್ನು ಮತ್ತೆ ತುಳಿಯದು. ನಾರಿನ ದಿಕ್ಕನ್ನು ಲೆಕ್ಕಿಸದೆ ಉಜ್ಜಬಹುದು. ವಾಹನಗಳ ಮೈಗೆ ಬಣ್ಣ ಹಚ್ಚುವ ಕೆಲಸದಲ್ಲಿ ಗಾಳಿಯ ಒತ್ತಡದಿಂದ ನಡೆಯುತ್ತಿದ್ದ ಉಪಕರಣದ ಬಂಧು ಇದು.

ಮನೆಗೆ ಒಂದೇ ಯಂತ್ರವೆಂದಾದರೆ ೧೨೫ ಮಿಲಿಮೀಟರು ತಳದ, ಒಂದು ಕೈಯಲ್ಲಿ ಹಿಡಿಯಬಹುದಾದ, ೩೦೦ ವ್ಯಾಟಿನ ಆಸುಪಾಸಿನ ರ‍್ಯಾಂಡಮ್ ಆರ್ಬಿಟಲ್ಲನ್ನೇ ನಾವು ಸೂಚಿಸುವೆವು. ಕೊಳ್ಳುವಾಗ ನೋಡತಕ್ಕದ್ದು ಬಲವನ್ನಲ್ಲ. ವೇಗವನ್ನು ಇಳಿಸಿ ಏರಿಸುವ ತಿರುಗಣಿ ಇದೆಯೆ? ಧೂಳಿನ ಬಾಯಿಗೆ ಮನೆಯ ವ್ಯಾಕ್ಯೂಮ್ ಕೊಳವೆ ಕೂಡುವುದೆ? ತಳದ ರಂಧ್ರಗಳ ಸಂಖ್ಯೆಗೆ ಹೊಂದುವ, ವೆಲ್ಕ್ರೋ ಬೆನ್ನಿನ ಬಿಲ್ಲೆಗಳು ಮೈಸೂರಿನ ಪೇಟೆಯಲ್ಲಿಯೇ ಬಿಡಿಯಾಗಿ ದೊರೆಯುವುವೆ? ಸವೆದ ಕಾರ್ಬನ್ ಬ್ರಷ್ಷನ್ನು ಇಲ್ಲಿಯೇ ಬದಲಾಯಿಸಿಕೊಡುವರೆ? ಯಂತ್ರದ ಬೆಲೆಯನ್ನು ಒಮ್ಮೆ ತೆರುತ್ತೇವೆ. ಬಿಲ್ಲೆಗಳ ಬೆಲೆಯನ್ನು ಆಯುಷ್ಯವಿಡೀ ತೆರುತ್ತೇವೆ. ಇಷ್ಟಾದರೂ ಈ ಯಂತ್ರ ಮೂಲೆಗೆ ಹೋಗದು, ಮತ್ತು ಮೆತ್ತನೆಯ ತಳದಿಂದ ಹರಿತವಾದ ಅಂಚನ್ನು ಗುಂಡಗೆ ಮಾಡಿಬಿಡುತ್ತದೆ. ಕೂಡಿಕೆಯ ಕೆಲಸದಲ್ಲಿ ಹಲಸು ಹಳ್ಳಬೀಳುವ ಪ್ರಮಾದವೂ ಇದರಲ್ಲಿ ತಪ್ಪದು. ಅಲ್ಲಿ ಉಕ್ಕಿನ ತಗಡು ಮತ್ತು ಮರದ ತುಂಡಿಗೆ ಸುತ್ತಿದ ಕಾಗದ, ಇವೇ ಇಂದಿಗೂ ಗತಿ.

ಬಳಸುವ ಕ್ರಮವನ್ನು ಕುರಿತು ಎರಡು ಮಾತು. ಕಾಗದದ ಹಿಂದೆ ಅಚ್ಚಾಗಿರುವ ಅಂಕಿಯು ಮೂಲತಃ ಹರಳನ್ನು ಸೋಸುವ ಜರಡಿಯಲ್ಲಿ ಒಂದಂಗುಲಕ್ಕಿರುವ ಕಣ್ಣುಗಳ ಲೆಕ್ಕ. ಅಂಕಿ ಏರಿದಂತೆ ಹರಳು ಸಣ್ಣದಾಗುತ್ತದೆ. ೮೦ರಿಂದ ಆರಂಭಿಸಿ ೧೨೦, ೧೮೦ ಎಂದು ಏರಬೇಕು. ನಡುವೆ ಹಾರಿದರೆ ಹಿಂದಿನ ಕಾಗದದ ಗೀರನ್ನು ಮುಂದಿನದು ಅಳಿಸಲಾರದು. ಅರಗಿನ ಪಾಲಿಷಿಗೆ ೧೮೦ ಅಥವಾ ೨೨೦ ಸಾಕು. ಅದಕ್ಕಿಂತ ಸಣ್ಣದಕ್ಕೆ ಹೋದರೆ ಮರ ಗಾಜಿನಂತಾಗಿ ಬಣ್ಣ ಹೀರುವುದಿಲ್ಲ. ಮರದ ಮೈಮೇಲೆಲ್ಲ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಗೆರೆಗಳು ಒಂದೇ ಸಮನಾಗಿ ಮಾಯವಾಗುವಂತೆ ಉಜ್ಜುವುದು ಹೊಸಬರಿಗೆ ಒಳ್ಳೆಯ ಅಭ್ಯಾಸ. ಯಂತ್ರವನ್ನು ಒತ್ತಬಾರದು, ಅದರ ತೂಕವೇ ಸಾಕು.

ಧೂಳನ್ನು ಕುರಿತು ಉದಾಸೀನ ಸಲ್ಲದು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ೧೯೯೫ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿದೆ. ಬೀಟೆಯ ಧೂಳು ಕೆಲವರಿಗೆ ಚರ್ಮದಲ್ಲಿ ತುರಿಕೆಯೆಬ್ಬಿಸುತ್ತದೆ. ಹಳೆಯ ಬಣ್ಣದ ಧೂಳು ಇದಕ್ಕಿಂತ ಕೇಡಿನದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ ತೊಂಬತ್ತು ಭಾಗಕ್ಕೆ ಮಿತಗೊಳಿಸುವ ನಿಯಮವು ಭಾರತದಲ್ಲಿ ೨೦೧೬ರಲ್ಲಿ ಹೊರಟು, ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಯಾವ ಹಸಿರು, ಹಳದಿ ಬಾಗಿಲಿನಲ್ಲಿಯೂ ಸೀಸವಿರಬಹುದೆಂದೇ ಎಣಿಸಬೇಕು. ಅದನ್ನು ಯಂತ್ರದಿಂದ ಒಣಗಿದ್ದಂತೆಯೇ ಉಜ್ಜುವುದೆಂದರೆ ವಿಷವನ್ನು ಮನೆಯ ಗಾಳಿಗೆ ತೂರುವುದು. ಮಕ್ಕಳಿರುವ ಮನೆಯಲ್ಲಂತೂ ಅಕ್ಷಮ್ಯ. ಬಣ್ಣ ಕರಗಿಸುವ ದ್ರಾವಣವನ್ನು ಬಯಲಿನಲ್ಲಿ ಹಚ್ಚಿ, ಮೆತ್ತಗಾದುದನ್ನು ಕೆರೆದು ತೆಗೆಯುವುದು ಕ್ಷೇಮ. ನಾವು ಆ ದಿನ ಮೂಗಿಗೆ ಪಂಚೆಯ ತುದಿಯನ್ನು ಸುತ್ತಿಕೊಂಡಿದ್ದೆವೆಂದು ನೆನೆದರೆ ಈಗ ನಗುವೂ ಬರುತ್ತದೆ, ಭಯವೂ ಆಗುತ್ತದೆ.

ಹಳೆಯ ಮರದ ಪ್ರಶ್ನೆಗೆ ಈಗ ಹಿಂದಿರುಗೋಣ. ನಮ್ಮ ಓದುಗರಿಗೆ ಮುಖ್ಯವಾದುದು ಇದೇ. ಹುಣಸೂರಿನಲ್ಲಿ ಮದರಾಸು ಸೈನ್ಯದ ಸರಬರಾಯಿ ಇಲಾಖೆಗೆ ಸೇರಿದ ಚರ್ಮದ, ಕಂಬಳಿಯ ಕಾರ್ಖಾನೆಗಳೊಡನೆ ಮರದ ಅಂಗಳವೂ ಇದ್ದು, ೧೮೬೪ರಲ್ಲಿ ಅವನ್ನು ಮುಚ್ಚಲಾಯಿತು. ಅಲ್ಲಿ ಪಳಗಿದ ಕೈಗಳು ಉಳಿದು, ಗಾಡಿಗಳ ತಯಾರಿಕೆಗೆ ಆ ಊರು ಹೆಸರಾಯಿತೆಂದು ಗೆಜೆಟಿಯರುಗಳಿಂದ ತಿಳಿಯುತ್ತದೆ. ಹುಣಸೂರಿಗೂ ಮೈಸೂರಿಗೂ ನಡುವಣ ದಾರಿಯಲ್ಲಿರುವ ಇಲವಾಲದ ಹಳೆಯ ಮನೆಗಳ ತೇಗ ಎಲ್ಲಿಂದ ಬಂತು, ಯಾರು ಕೊಯ್ದರು, ಯಾವ ಕಾಲದಲ್ಲಿ? ಇದಕ್ಕೆ ಕಾಗದದ ದಾಖಲೆ ಅಪೂರ್ವ. ಮರವೇ ದಾಖಲೆ. ಮೇಲೊಬ್ಬ ಕೆಳಗೊಬ್ಬ ನಿಂತು ಎಳೆಯುವ ದೊಡ್ಡ ಗರಗಸವು ನೇರವಾದ, ಆದರೆ ಒಂದಕ್ಕೊಂದು ಸಮಾಂತರವಲ್ಲದ ಗೆರೆಗಳನ್ನು ಬಿಡುತ್ತದೆ. ಯಂತ್ರದ ದುಂಡು ಗರಗಸ ಬಿಲ್ಲಿನಂತೆ ಬಾಗಿದ ಗೆರೆಗಳನ್ನು ಬಿಡುತ್ತದೆ. ಬಾಚಿಯ ಪೆಟ್ಟು ಚಿಪ್ಪಿನಾಕಾರ. ಕೀಲುಗಳನ್ನು ಜೋಡಿಸುವ ಮುನ್ನ ಬಡಗಿ ಉಳಿಯಿಂದ ಹಾಕಿದ ಎಣಿಕೆಯ ಗುರುತು, ಬಳಿಕ ಯಾರೋ ಕೊರೆದ ಇಸವಿ, ಇವೆಲ್ಲವೂ ಒಂದು ಮಿಲಿಮೀಟರು ಆಳದ ಒಳಗೇ ಇರುವಂಥವು. ಬೀಟೆಯ ವಿಷಯದಲ್ಲಂತೂ ಕಳೆದುದು ಮತ್ತೆ ಸುಲಭವಾಗಿ ದೊರೆಯುವುದಿಲ್ಲ. ಆ ಕುಲದ ಮರಗಳೆಲ್ಲದರ ಅಂತರರಾಷ್ಟ್ರೀಯ ವ್ಯಾಪಾರವು ೨೦೧೭ರ ಜನವರಿಯಿಂದ ನಿಯಂತ್ರಣಕ್ಕೆ ಒಳಪಟ್ಟಿದೆ.

ಮೈಸೂರು ಪುರಾತತ್ವ ಇಲಾಖೆ ೧೮೮೫ರಲ್ಲಿ ಆರಂಭವಾದಂದಿನಿಂದ ರೈಸ್ ಮತ್ತು ನರಸಿಂಹಾಚಾರ್ಯರ ಪರಂಪರೆಯವರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹೊಡೆದು, ಮಸಿ ಸವರಿ, ಶಾಸನದ ಪಡಿಯಚ್ಚನ್ನು ತೆಗೆಯುವ ವಿಧಾನವನ್ನು ನಮಗೆ ಕಲಿಸಿದರು. ಮರಕ್ಕೆ ನೀರು ಸೋಕಿಸುವಂತಿಲ್ಲ. ಆದರೆ ತೆಳುವಾದ ಒಣಕಾಗದವನ್ನು ಹಾಸಿ, ಮೆದು ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ತೋಪಡದ ಅಲೆಯೂ ಉಳಿಯ ಗೆರೆಯೂ ಸ್ಪಷ್ಟವಾಗಿ ಮೂಡುತ್ತವೆ. ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಮರಕ್ಕೆ ಒರಗಿದಂತೆ ಹಿಡಿದು ಭಾವಚಿತ್ರ ತೆಗೆದರೆ ಇನ್ನೂ ಚೆನ್ನ. ಹಳೆಯ ಬಾಗಿಲನ್ನು ಮನೆಗೆ ತಂದ ವಿದ್ಯಾರ್ಥಿಗಳು ಯಂತ್ರವನ್ನು ಮುಟ್ಟುವ ಮೊದಲು ಈ ಅರ್ಧ ಗಂಟೆಯ ಕೆಲಸ ಮಾಡಬೇಕೆಂದೂ, ಗುರುತುಗಳಿರುವ ಮೈಗೆ ಯಾವ ಉಜ್ಜುಯಂತ್ರವನ್ನೂ ಹಿಡಿಯಬಾರದೆಂದೂ ನಾವು ಕೇಳಿಕೊಳ್ಳುತ್ತೇವೆ.

ಯಂತ್ರದ್ವೇಷದಿಂದ ನಾವು ಹೀಗೆ ಬರೆಯುತ್ತಿಲ್ಲ. ಯಂತ್ರಗಳನ್ನು ಕುರಿತು ೧೯೨೪ರಲ್ಲಿ ನಡೆದ ಒಂದು ಸಂಭಾಷಣೆಯಲ್ಲಿ ಗಾಂಧೀಜಿ ಸಿಂಗರ್ ಹೊಲಿಗೆಯಂತ್ರವನ್ನು ತಮ್ಮ ಆಕ್ಷೇಪಣೆಗೆ ಹೊರತೆಂದು ಒಪ್ಪಿಕೊಂಡಿದ್ದರು. ಒಬ್ಬ ವ್ಯಕ್ತಿಯ ಬೇಸರದ ದುಡಿಮೆಯನ್ನು ಹಗುರಗೊಳಿಸಬೇಕೆಂಬ ಪ್ರೀತಿಯಿಂದ ಅದು ಹುಟ್ಟಿತೆಂಬುದು ಅವರ ವಾದ. ಗ್ರಾಮೋದ್ಯೋಗದ ಧ್ಯೇಯವನ್ನು ಹೊತ್ತ ವಿನೋಬಾ ಅವರು ಬಂದು ಹೋದ ಇಲವಾಲದಲ್ಲಿ ಇಂದು ಬಡಗಿಯ ಕೈಯಲ್ಲಿ ಗ್ರೈಂಡರಿದೆ. ಗಂಟೆಗಟ್ಟಲೆ ಕೈಯಿಂದ ಉಜ್ಜಿ ಭುಜ ನೋಯಿಸಿಕೊಂಡ ಯಾವನೂ ಸಣ್ಣ ಉಜ್ಜುಯಂತ್ರವನ್ನು ಆ ಹೊಲಿಗೆಯಂತ್ರದ ಪಂಕ್ತಿಯಲ್ಲಿ ಕೂರಿಸಲು ಹಿಂಜರಿಯನು. ಹೊಸ ಮರಕ್ಕೆ ನಾವೂ ಅದನ್ನೇ ಹಿಡಿಯುತ್ತೇವೆ. ಕಳೆದ ಬೇಸಗೆಯಲ್ಲಿ ಒಂದನ್ನು ಕೊಂಡೂ ಇದ್ದೇವೆ.

ಬಾಗಿಲುವಾಡದ ವಿಷಯದಲ್ಲಿ ಒಂದು ಮಾತು ಉಳಿದಿದೆ. ಕಪಾಟಿಗೆ ಕೂರಿಸುವ ಮುನ್ನ ಅದನ್ನು ಬೋರಲು ಹಾಕಿದಾಗ, ಗೋಡೆಯೊಳಗೆ ಹುದುಗಿದ್ದ ಹಿಂಬದಿಯಲ್ಲಿ ಬಣ್ಣವೇ ಇರಲಿಲ್ಲ. ಗಾರೆಯ ಕಲೆಗಳನ್ನು ಒಣ ಕುಂಚದಿಂದ ಝಾಡಿಸಿ, ಕಾಗದ ಹಾಸಿ ಪೆನ್ಸಿಲು ಉಜ್ಜಿದೆವು. ಗರಗಸದ ಗೆರೆಗಳು ನೇರವಾಗಿವೆ, ಸಮಾಂತರವಾಗಿಲ್ಲ; ಎಂದರೆ ಇಬ್ಬರು ಎಳೆದು ಕೊಯ್ದ ಮರ. ಎಡಗಡೆಯ ಕೀಲಿನ ಬಳಿ ಮೂರು ಗೀಟು, ಬಲಗಡೆಯ ಕೀಲಿನ ಬಳಿ ನಾಲ್ಕು ಗೀಟು ಇವೆ. ಆ ಮನೆಯಲ್ಲಿ ಬೇರೆ ಬಾಗಿಲುವಾಡಗಳೂ ಇದ್ದು, ಒಂದು ಮತ್ತು ಎರಡನೆಯ ಕೀಲುಗಳು ಅವುಗಳಲ್ಲೊಂದಕ್ಕೆ ಸೇರಿದ್ದಿರಬೇಕು. ಅದು ಯಾರ ಪಾಲಾಯಿತೆಂದು ವಿಚಾರಿಸುತ್ತಿದ್ದೇವೆ.